ಮದ್ದು ಮುಟ್ಟದ ಜಾಗ

ಕಡಿದುಹೋದ ಕೈ ಮತ್ತೆ ಚಿಗುರುತ್ತದೆ ಎಂಬುದು ಆ ಹೊತ್ತಿಗೆ ಹಳೆಯ ಸುದ್ದಿಯಾಗಿತ್ತು. ಮೈಸೂರಿನ ಹೊರವಲಯದ ಅಂಗಾಂಕುರ ಕೇಂದ್ರದಿಂದ ಮೂವತ್ತು ಜನ ಹೊಸ ಕೈ ಬೆಳೆಸಿಕೊಂಡು ಮನೆಗೆ ಹೋಗಿದ್ದರು. ಮೊದಲ ಐದು ಜನರ ಫೋಟೊ ಪತ್ರಿಕೆಯಲ್ಲಿ ಬಂತು. ಆಮೇಲಿನವರನ್ನು ಯಾರೂ ಕೇಳಲಿಲ್ಲ. ಐದು ಬೆರಳಿನ ಸರಿಯಾದ ಕೈಯಲ್ಲಿ ನೋಡುವುದಕ್ಕೆ ಏನಿದೆ?

ಮೂವತ್ತೊಂದನೆಯವಳು ಚೆಲುವಾಜಮ್ಮ. ನಲವತ್ತೊಂದು ವರ್ಷ. ಮಂಡ್ಯ ಸೀಮೆಯ ಕಾಳೇನಕೊಪ್ಪಲಿನ ಆಲೆಮನೆಯಲ್ಲಿ ಬೆಲ್ಲದ ಪಾಕದ ಹದ ನೋಡುವ ಕೆಲಸ ಅವಳದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕೆಂಪಾಗಿ ಗುಳ್ಳೆ ಏಳುವಾಗ ಅವಳು ಬಲಗೈಯನ್ನು ತಣ್ಣೀರಿನ ಬೋಗುಣಿಗೆ ಅದ್ದಿ, ಸೌಟಿನ ಅಂಚಿನಿಂದ ಒಂದು ತೊಟ್ಟು ಪಾಕ ತೆಗೆದು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉರುಳಿಸುತ್ತಿದ್ದಳು. ಉಂಡೆ ಕಟ್ಟಿತೋ, ಎಳೆ ಬಂತೋ, ಇನ್ನೂ ಎರಡು ಕುದಿ ಬೇಕೋ, ಎಲ್ಲವನ್ನೂ ಆ ಎರಡು ಬೆರಳು ಹೇಳುತ್ತಿದ್ದವು. ‘ಇಳ್ಸ್ರೋ’ ಎಂದು ಅವಳು ಕೂಗಿದರೆ ನಾಲ್ಕು ಗಂಡಸರು ಮರುಮಾತಿಲ್ಲದೆ ಕೊಪ್ಪರಿಗೆ ಇಳಿಸುತ್ತಿದ್ದರು. ಆ ಸುತ್ತಿನ ಹನ್ನೊಂದು ಆಲೆಮನೆಗಳಲ್ಲಿ ಹದಕ್ಕೆ ಹೆಂಗಸನ್ನು ನಂಬಿದ್ದು ಅದೊಂದರಲ್ಲೇ.

ಒಂದು ದಿನ ಗಾಣಕ್ಕೆ ಕಬ್ಬು ಕೊಡುವವನು ಬಂದಿರಲಿಲ್ಲ. ಕಬ್ಬು ಸಿಕ್ಕಿಕೊಂಡು ಗಾಣ ನರಳುತ್ತಿತ್ತು. ಚೆಲುವಾಜಮ್ಮ ಎದ್ದುಹೋಗಿ ಕೈಯಿಂದ ತಳ್ಳಿದಳು. ಗಾಣ ಕಬ್ಬನ್ನೂ ಎಳೆದುಕೊಂಡಿತು, ಅವಳ ಬಲಗೈಯನ್ನೂ ಎಳೆದುಕೊಂಡಿತು. ಮಣಿಕಟ್ಟಿನವರೆಗೆ ಏನೂ ಉಳಿಯಲಿಲ್ಲ.

ಅವಳಿಗೆ ಗಂಡ ಸತ್ತು ಒಂಬತ್ತು ವರ್ಷ, ಮಕ್ಕಳಿಲ್ಲ. ಅಪ್ಪ ಮೊಗಣ್ಣನ ಜೊತೆ ಇದ್ದಳು. ಮೊಗಣ್ಣ ನಲವತ್ತು ವರ್ಷದಿಂದ ಮುರಿದ ಮೂಳೆ ಕಟ್ಟುವವನು. ಓದು ಬರಹವಿಲ್ಲ. ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಎತ್ತು ತುಳಿದವರು ಎಲ್ಲರೂ ಅವನ ಜಗುಲಿಗೆ ಬರುತ್ತಿದ್ದರು. ಎಳೆದು ಕೂರಿಸಿ, ಸೊಪ್ಪಿನ ಮದ್ದು ಮೆತ್ತಿ, ಬಿದಿರ ದಬ್ಬೆ ಇಟ್ಟು ಕಟ್ಟು ಕಟ್ಟಿ ಕಳಿಸುತ್ತಿದ್ದ. ಮುರಿದದ್ದನ್ನು ಕೂಡಿಸುವುದು ಅವನಿಗೆ ಗೊತ್ತಿತ್ತು. ಇಲ್ಲದ್ದನ್ನು ತರುವುದು ಗೊತ್ತಿರಲಿಲ್ಲ. ಅದಕ್ಕೇ ಮಗಳನ್ನು ಕರೆದುಕೊಂಡು ಮೈಸೂರಿಗೆ ಹೋದ.

ಕೇಂದ್ರದಲ್ಲಿ ಅವರಿಗೆ ವಿವರ ಹೇಳಿದವಳು ಕುಮುದಿನಿ. ಮೂವತ್ತರ ಒಳಗಿನ ಸಂಶೋಧಕಿ, ಮಾತು ಮೆದು.

‘ನಿಮ್ಮ ಮೈಯಲ್ಲಿ ಕೋಟಿ ಕೋಟಿ ಜೀವಕೋಶ ಇವೆ ಅಜ್ಜ. ಒಂದೊಂದರಲ್ಲೂ ಇಡೀ ಮೈಯನ್ನ ಕಟ್ಟೋ ಪಾಠ ಇರುತ್ತೆ. ಆದ್ರೆ ಚರ್ಮದ ಕೋಶ ಚರ್ಮದ ಪುಟ ಮಾತ್ರ ಓದುತ್ತೆ. ಮೂಳೆಯದು ಮೂಳೆಯ ಪುಟ. ಉಳಿದ ಪುಟ ಎಲ್ಲಾ ಮುಚ್ಚಿಟ್ಟಿರುತ್ತೆ.’

‘ನಮ್ಮ ಪಂಚಾಯ್ತಿ ಮೆಂಬ್ರುಗಳಂಗೆ ಅನ್ನಿ’ ಎಂದ ಮೊಗಣ್ಣ. ‘ಅವ್ರವ್ರ ಬೀದಿ ಬುಟ್ರೆ ಬೇರೆ ಬೀದಿ ಐತೆ ಅಂತ್ಲೇ ಗೊತ್ತಿಲ್ಲ.’

ಕುಮುದಿನಿ ನಕ್ಕಳು. ‘ಹಾಗೇ ಅಂದ್ಕೊಳಿ. ನಾವು ಮೊಂಡು ಕೈಗೆ ಒಂದು ಮುಲಾಮು ಹಚ್ತೀವಿ. ಅಲ್ಲಿನ ಕೋಶಗಳು ತಾವು ಚರ್ಮವೋ ಮೂಳೆಯೋ ಅನ್ನೋದನ್ನೇ ಮರೀತವೆ. ತಾಯಿ ಹೊಟ್ಟೆಯಲ್ಲಿದ್ದಾಗ ಹೇಗಿದ್ದವೋ ಹಾಗಾಗ್ತವೆ. ಆಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೀತಾ ಹೋಗ್ತವೆ.’

‘ನಿಲ್ಲೋದು ಯಾವಾಗ?’ ಎಂದಳು ಚೆಲುವಾಜಮ್ಮ.

ಒಳ್ಳೆಯ ಪ್ರಶ್ನೆ. ಅಲ್ಲಿಗೆ ಬಂದ ಓದಿದವರು ಕೂಡ ಅದನ್ನು ಕೇಳಿರಲಿಲ್ಲ.

‘ಅಕ್ಕಪಕ್ಕದ ಕೋಶ ಒತ್ತಿದಾಗ. ಇನ್ನು ಜಾಗ ಇಲ್ಲ, ಸಾಕು ಅಂತ ಒಂದಕ್ಕೊಂದು ಹೇಳ್ಕೊಳ್ತವೆ. ಆ ಮಾತು ಕೇಳದೇ ಇರೋದು ಗಡ್ಡೆ ಆಗುತ್ತೆ. ಅದಕ್ಕೇ ನಾಲ್ಕು ದಿನಕ್ಕೊಂದು ಸಲ ಇಲ್ಲಿಗೆ ಬರಬೇಕು, ನಾವು ಚಿತ್ರ ತೆಗೆದು ನೋಡ್ತೀವಿ.’

ಆಮೇಲೆ ಅವಳು ಒಂದು ಪೊಟ್ಟಣ ಕೊಟ್ಟಳು. ಅದರೊಳಗೆ ನಾಣ್ಯದಷ್ಟು ಅಗಲದ, ಜೇನುಬಣ್ಣದ ಬಿಲ್ಲೆಗಳು. ಮುಲಾಮು ಹಚ್ಚಿದ ಐದನೆಯ ದಿನದಿಂದ ದಿನಕ್ಕೊಂದರಂತೆ ಮೊಂಡಿನ ಕಿರುಬೆರಳ ಕಡೆಗೆ ಅಂಟಿಸಬೇಕು. ಒಂದು ಉದುರಿಬಿದ್ದರೆ ಇರಲಿ ಎಂದು ಒಂದೊಂದು ದಿನದ ಪುಟ್ಟ ಚೀಲದಲ್ಲಿ ಎರಡೆರಡು ಬಿಲ್ಲೆ ಇಟ್ಟಿದ್ದರು.

‘ಕಿರುಬೆರಳ ಕಡೆ. ಒಂದೇ. ಗೊತ್ತಾಯ್ತಲ್ಲ?’

‘ಗೊತ್ತಾಯ್ತು ಕಣವ್ವ.’

ಯಾಕೆ ಒಂದೇ ಕಡೆ ಎಂದು ಅವಳು ಹೇಳಲಿಲ್ಲ. ಹೇಳುವುದು ಕಷ್ಟವೇನೂ ಇರಲಿಲ್ಲ. ಬಿಲ್ಲೆಯಿಂದ ಮದ್ದು ಸೋರುತ್ತದೆ. ಹತ್ತಿರದ ಕೋಶಗಳಿಗೆ ಹೆಚ್ಚು ಸಿಗುತ್ತದೆ, ಅವು ಕಿರುಬೆರಳಾಗುತ್ತವೆ. ಸ್ವಲ್ಪ ದೂರದವು ಉಂಗುರಬೆರಳು, ಇನ್ನೂ ದೂರದವು ನಡುಬೆರಳು, ಆಮೇಲಿನವು ತೋರುಬೆರಳು. ಮದ್ದು ಮುಟ್ಟದೇ ಹೋದ ಜಾಗದಲ್ಲಿ ಹೆಬ್ಬೆರಳು ಬರುತ್ತದೆ. ತಾಯಿಯ ಹೊಟ್ಟೆಯಲ್ಲಿ ಎಲ್ಲರ ಕೈಯೂ ಮೂಡುವುದು ಹೀಗೇ. ಎರಡು ನಿಮಿಷದ ಮಾತು. ಆದರೆ ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು, ಹಳ್ಳಿಯವರಿಗೆ ಇಷ್ಟೆಲ್ಲ ಯಾಕೆ ಎಂದು ಅವಳು ಬಿಟ್ಟಳು.

ಏಳನೆಯ ದಿನ ಬೆಳಗ್ಗೆ ಮೊಗಣ್ಣ ಮಗಳ ಮೊಂಡು ಬಿಚ್ಚಿ ನೋಡಿದ. ತುದಿಯಲ್ಲಿ ನೇರಳೆ ಹಣ್ಣಿನಷ್ಟು ಎಳೆ ಮಾಂಸ ಎದ್ದಿತ್ತು. ಅವನ ಕಣ್ಣು ತುಂಬಿತು. ಆಮೇಲೆ ಅವನು ಅದನ್ನು ಎಡಕ್ಕೆ ಬಲಕ್ಕೆ ಹೊರಳಿಸಿ ನೋಡಿದ. ಹುಬ್ಬು ಗಂಟಿಕ್ಕಿತು.

‘ಚೆಲುವಿ, ಇದು ವಾರೆ ಬತ್ತಾ ಐತೆ.’

‘ವಾರೆ ಅಂದ್ರೆ?’

‘ಬಿಲ್ಲೆ ಇರೋ ಕಡೀಕೇ ಉಬ್ಬೈತೆ. ಈ ಕಡೆ ನೋಡು, ಸೊರಗೈತೆ. ಒಂದ್ ಕಡೀಕೆ ಮದ್ದು ಹಾಕುದ್ರೆ ಇನ್ನೇನಾದದು? ಒಂದೇ ಕಡೆ ದಬ್ಬೆ ಇಟ್ಟು ಯಾವನಾದ್ರೂ ಕಟ್ಟು ಕಟ್ತಾನೇನವ್ವ? ಮೂಳೆ ಸೊಟ್ಟಗಾಯ್ತದೆ.’

‘ಆ ಮೇಡಮ್ಮು ಒಂದೇ ಕಡೆ ಅಂದ್ರಲ್ಲಪ್ಪ.’

‘ಅದು ನಿನ್ನೆ ಮೊನ್ನೆ ಹುಟ್ಟಿದ್ ಮಗ. ಎಷ್ಟು ಮೂಳೆ ಮುಟ್ಟವ್ಳೆ? ದಿನದ್ ಚೀಲದಾಗೆ ಎಲ್ಡು ಬಿಲ್ಲೆ ಯಾಕಿಟ್ಟವ್ರೆ ಮತ್ತೆ? ಉದುರೋಯ್ತದೆ ಅಂತಂತೆ. ನಾನ್ ಅಂಟ್ಸಿದ್ದು ಯಾವತ್ತು ಉದುರೈತೆ?’

ನಲವತ್ತು ವರ್ಷ ಅವನು ಕಟ್ಟಿದ ಕಟ್ಟಿನಲ್ಲೆಲ್ಲ ಈ ಕಡೆ ಎಷ್ಟು ಮದ್ದೋ ಆ ಕಡೆಯೂ ಅಷ್ಟೇ. ಈ ಕಡೆ ಎಷ್ಟು ದಬ್ಬೆಯೋ ಆ ಕಡೆಯೂ ಅಷ್ಟೇ. ಅದಕ್ಕೇ ಅವನು ಕೂಡಿಸಿದ ಕೈಕಾಲು ನೆಟ್ಟಗಿರುತ್ತಿದ್ದವು. ಆ ತಿಳಿವಳಿಕೆಯಲ್ಲಿ ಸುಳ್ಳೇನೂ ಇರಲಿಲ್ಲ. ಅದು ಮೂಳೆಯ ತಿಳಿವಳಿಕೆ. ಇಲ್ಲಿ ಇನ್ನೂ ಮೂಳೆಯೇ ಹುಟ್ಟಿರಲಿಲ್ಲ.

ಚೆಲುವಾಜಮ್ಮ ಅಪ್ಪನ ಮುಖ ನೋಡಿದಳು. ಏಳು ವರ್ಷದವಳಿದ್ದಾಗ ಹುಣಸೆ ಮರದಿಂದ ಬಿದ್ದು ಎರಡು ಕಡೆ ಮುರಿದ ಅವಳ ಕಾಲನ್ನು ಕೂಡಿಸಿದ್ದು ಅವನೇ. ಆ ಕಾಲಿನಲ್ಲೇ ಅವಳು ದಿನಕ್ಕೆ ಹನ್ನೆರಡು ತಾಸು ಕೊಪ್ಪರಿಗೆಯ ಮುಂದೆ ನಿಂತಿದ್ದಳು.

‘ಆಸ್ಪತ್ರೆಯೋರು ನೋಡುದ್ರೆ ಬೈತಾರೆ’ ಎಂದಳು.

‘ಹೋಗೋ ದಿನ ತೆಗ್ದು ಎಣ್ಣೆ ಹಾಕಿ ಒರ್ಸ್ಬುಟ್ರಾಯ್ತು. ಕೈ ನೆಟ್ಟಗೆ ಬರ್ಲಿ. ಆಮೇಲ್ ಹೇಳವ, ಅವರೂ ಕಲ್ತ್ಕತಾರೆ.’

ಎರಡನೆಯ ಬಿಲ್ಲೆಯನ್ನು ಹೆಬ್ಬೆರಳು ಬರಬೇಕಾದ ಕಡೆಗೆ ಅವನು ಅಂಟಿಸಿದ. ಎರಡೂ ಸರಿಸಮವಾಗಿವೆಯೇ ಎಂದು ದಾರ ಹಿಡಿದು ಅಳೆದ.

ಒಂಬತ್ತನೆಯ ದಿನ ಕೇಂದ್ರಕ್ಕೆ ಬಂದಾಗ ಹೆಬ್ಬೆರಳ ಕಡೆ ಬಿಲ್ಲೆ ಇರಲಿಲ್ಲ. ದಾದಿ ನೋಡಿ ತಲೆಯಾಡಿಸಿ ಕಳಿಸಿದಳು. ಆದರೆ ಎಣ್ಣೆ ಹಾಕಿ ಒರೆಸಿದ್ದೆಲ್ಲ ಯಂತ್ರಕ್ಕೆ ಲೆಕ್ಕವಿಲ್ಲ. ಮದ್ದು ಎಲ್ಲೆಲ್ಲಿ ಹರಡಿದೆಯೋ ಅಲ್ಲೆಲ್ಲ ಹಸಿರಾಗಿ ಹೊಳೆಯುವಂತೆ ಅದು ಚಿತ್ರ ತೆಗೆಯುತ್ತಿತ್ತು. ಒಳಗೆ ಪರದೆಯ ಮುಂದೆ ಕೂತಿದ್ದ ಕುಮುದಿನಿ ಚಿತ್ರ ನೋಡಿ ಕುರ್ಚಿಯಿಂದ ಎದ್ದಳು. ಹಸಿರು ಒಂದು ಕಡೆಯಿಂದ ಇಳಿಯುತ್ತ ಬಂದು ಇನ್ನೊಂದು ಕಡೆ ಕತ್ತಲಾಗಬೇಕಿತ್ತು. ಇಲ್ಲಿ ಎರಡು ತುದಿಯಲ್ಲೂ ಹೊಳೆಯುತ್ತಿತ್ತು. ಕತ್ತಲೇ ಇರಲಿಲ್ಲ.

ಅವಳು ಓಡಿಹೋಗಿ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಪ್ರಭಂಜನನನ್ನು ಕರೆದುಕೊಂಡು ಬಂದಳು. ಅವನು ನಿಂತುಕೊಂಡೇ ನೋಡಿದ. ಆಮೇಲೆ ಕೂತು ನೋಡಿದ.

‘ಎರಡೂ ಕಡೆ ಹಾಕಿಕೊಂಡಿದ್ದಾರೆ’ ಎಂದ ಮೆಲ್ಲಗೆ.

‘ಹೌದು ಸರ್. ಅವರು ಇನ್ನೂ ಹೊರಗಡೆ ಇದ್ದಾರೆ, ಬಸ್ಸಿಗೆ ಹೊರಟಿಲ್ಲ. ಈಗಲೇ ನಿಲ್ಲಿಸಿದ್ರೆ ಒಂದು ದಿನದಲ್ಲಿ ಮದ್ದು ಕರಗುತ್ತೆ. ಕೋಶಗಳು ಗಟ್ಟಿ ತೀರ್ಮಾನ ಮಾಡೋದು ಹದಿನಾಲ್ಕನೇ ದಿನ. ಹೆಬ್ಬೆರಳು ಉಳಿಯುತ್ತೆ.’

‘ಕೂತ್ಕೋ.’

‘ಸರ್, ಬಸ್ಸು…’

‘ಕೂತ್ಕೋ ಅಂದೆ.’ ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ‘ಕೋಳಿಮರಿಯ ರೆಕ್ಕೆಯಲ್ಲಿ ಇದನ್ನ ಮಾಡಿ ಎಷ್ಟು ಕಾಲ ಆಯ್ತು ಗೊತ್ತಾ? ಎರಡು ತುದಿಯಿಂದ ಮದ್ದು ಕೊಟ್ಟರೆ ಕನ್ನಡಿ ಇಟ್ಟ ಹಾಗೆ ಬೆರಳು ಬರ್ತವೆ. ಮನುಷ್ಯನ ಕೈಯಲ್ಲಿ ಏನಾಗುತ್ತೆ? ಯಾರಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳೋ ಹಾಗೂ ಇಲ್ಲ. ಅನುಮತಿ ಕೇಳಿದ್ರೇನೇ ಜೈಲಿಗೆ ಹಾಕ್ತಾರೆ.’

‘ಅದಕ್ಕೇ ಸರ್…’

‘ನಾವು ಮಾಡಿದೀವಾ? ಅವರೇ ಮಾಡಿಕೊಂಡಿದ್ದಾರೆ. ನಾವು ಒಂದೇ ಅಂತ ಹೇಳಿದೀವಿ. ಹೇಳಿದೀಯ ತಾನೆ?’

‘ಹೇಳಿದೀನಿ.’

‘ಮತ್ತೆ ನಮ್ಮದೇನು ತಪ್ಪು? ಈ ಚಿತ್ರ ನಾವು ಇವತ್ತು ನೋಡಲಿಲ್ಲ. ಯಂತ್ರ ತೆಗೆದಿದೆ, ಯಾರೂ ತೆರೆದಿಲ್ಲ. ಅಷ್ಟೆ.’

ಕಿಟಕಿಯಿಂದ ಗೇಟು ಕಾಣುತ್ತಿತ್ತು. ಗೇಟಿನ ಹತ್ತಿರ ಮೊಗಣ್ಣ ಮಗಳಿಗೆ ಎಳನೀರು ಹಿಡಿದು ಕುಡಿಸುತ್ತಿದ್ದ.

‘ಆ ಹೆಂಗಸಿನ ಕೈ ಸರ್’ ಎಂದಳು ಕುಮುದಿನಿ.

‘ಕೈ ಇಲ್ಲದೇ ಬಂದವಳಿಗೆ ಕೈ ಸಿಗುತ್ತೆ. ಹೋಗಿ ಹೇಳ್ತೀಯಾ? ಹೇಳು. ನಾಳೆಯಿಂದ ಇಲ್ಲಿಗೆ ಬರಬೇಡ. ನಿನ್ನ ನಾಲ್ಕು ವರ್ಷದ ಪ್ರಬಂಧಕ್ಕೆ ಯಾರ ಸಹಿ ಹಾಕಿಸ್ಕೋತೀಯೋ ಹಾಕಿಸ್ಕೋ.’

ಕುಮುದಿನಿ ಹೋಗಲಿಲ್ಲ. ಬಸ್ಸು ಬಂತು, ಅಪ್ಪ ಮಗಳು ಹತ್ತಿದರು, ಬಸ್ಸು ಹೋಯಿತು. ಅಷ್ಟು ಹೊತ್ತೂ ಅವಳು ಕಿಟಕಿಯಲ್ಲೇ ನಿಂತಿದ್ದಳು. ನಿಂತು ನೋಡಿದ್ದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಹದಿಮೂರನೆಯ ದಿನ ಅವರು ಮತ್ತೆ ಬಂದರು. ಆ ದಿನ ಪ್ರಭಂಜನ ತಾನೇ ಹೊರಗೆ ಬಂದ. ಮೊಗಣ್ಣನ ಭುಜ ತಟ್ಟಿದ.

‘ತುಂಬಾ ಚೆನ್ನಾಗಿ ಬರ್ತಾ ಇದೆ ಗೌಡ್ರೆ. ಮನೇಲಿ ಏನು ಮಾಡ್ತಿದ್ದೀರೋ ಅದನ್ನೇ ಮಾಡಿ, ಒಂದು ದಿನಾನೂ ತಪ್ಪಿಸಬೇಡಿ.’

ಇನ್ನೊಂದು ಪೊಟ್ಟಣ ಬಿಲ್ಲೆ ಕೊಟ್ಟ. ಮೊಗಣ್ಣ ಬಸ್ಸಿನಲ್ಲಿ ಮಗಳ ಕಡೆ ತಿರುಗಿ ಹಲ್ಲುಬಿಟ್ಟ. ‘ಏನಂದೆ ನಾನು?’

ನಲವತ್ತೆರಡನೆಯ ದಿನದ ಹೊತ್ತಿಗೆ ಮೊಂಡಿನ ತುದಿ ದೋಸೆ ಮಗುಚುವ ಕೈಯಂತೆ ಅಗಲವಾಗಿ ಚಪ್ಪಟೆಯಾಗಿ ಬೆಳೆದಿತ್ತು. ಇನ್ನು ಬೆರಳು ಬಿಡಬೇಕು. ಬೆರಳು ಬಿಡುವುದೆಂದರೆ ಕೊಂಬೆ ಒಡೆದ ಹಾಗಲ್ಲ. ಬೆರಳಾಗದ ಕೋಶಗಳೆಲ್ಲ ಸಾಲು ಸಾಲಾಗಿ ತಾವೇ ಸಾಯುತ್ತವೆ. ಅವು ಸತ್ತ ಜಾಗ ಸಂದಾಗುತ್ತದೆ, ಬದುಕಿದವು ಬೆರಳಾಗುತ್ತವೆ. ಸಾಯಬೇಕಾದದ್ದು ಹೇಳಿದ ಹೊತ್ತಿಗೆ ಸಾಯದಿದ್ದರೆ ಯಾರಿಗೂ ಕೈ ಎನ್ನುವುದು ಇರುವುದಿಲ್ಲ.

ಕೆಲವು ದಿನ ಕಳೆದು ಒಂದು ಬೆಳಗ್ಗೆ ಬೀದಿ ನಲ್ಲಿಯ ಹತ್ತಿರ ಹೆಂಗಸರು ಸುತ್ತ ಕೂಡಿದ್ದರು. ಚೆಲುವಾಜಮ್ಮ ಸೆರಗಿನಿಂದ ಕೈ ತೆಗೆದು ತೋರಿಸಿದಳು. ಸಂದು ಮೂಡಿತ್ತು.

‘ಒಂದು, ಎಲ್ಡು, ಮೂರು’ ಎಂದು ಪಕ್ಕದ ಮನೆಯ ಗಿಡ್ಡಮ್ಮ ಎಣಿಸಿದಳು. ‘ನಾಕು, ಐದು… ಅಯ್ ನನ್ನವ್ವ, ಇನ್ನೊಂದೈತೆ ಕಣೆ!’

‘ಕೊಟ್ಟೋರು ಕೈಬಿಚ್ಚಿ ಕೊಟ್ಟವ್ರೆ ಬುಡು’ ಎಂದು ಇನ್ನೊಬ್ಬಳು ನಕ್ಕಳು. ‘ಇನ್ಮೇಲೆ ಚೆಲುವಿ ಒಂದೇ ಕೈಯಾಗೆ ಅರ್ಧ ಡಜನ್ ಲೆಕ್ಕ ಹಾಕ್ತಾಳೆ.’

ಎಲ್ಲರೂ ನಕ್ಕರು. ಚೆಲುವಾಜಮ್ಮನೂ ನಕ್ಕಳು. ಮೊಗಣ್ಣ ನಗಲಿಲ್ಲ. ಅವನು ಜಗುಲಿಯಿಂದ ಇಳಿದು ಬಂದು ಆ ಕೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಂಡ. ನಲವತ್ತು ವರ್ಷ ಬೆರಳುಗಳನ್ನು ಮುಟ್ಟಿ ಗೊತ್ತಿದ್ದವನು. ಮೊದಲನೆಯದು ಕಿರುಬೆರಳು. ಎರಡನೆಯದು ಉಂಗುರಬೆರಳು. ಮೂರನೆಯದು ನಡುಬೆರಳು. ನಾಲ್ಕನೆಯದು ಮತ್ತೆ ನಡುಬೆರಳು. ಐದನೆಯದು ಮತ್ತೆ ಉಂಗುರಬೆರಳು. ಆರನೆಯದು ಮತ್ತೆ ಕಿರುಬೆರಳು.

ಅವನು ಇನ್ನೊಂದು ಸಲ ಮುಟ್ಟಿ ನೋಡಿದ. ಆಮೇಲೆ ಕೈ ಬಿಟ್ಟು ಒಳಗೆ ಹೋದ.

ಐದು ತಿಂಗಳಿಗೆ ಕೈ ಪೂರ್ತಿ ಬೆಳೆಯಿತು. ನೋಡಲು ಚೆಂದವಾಗಿತ್ತು. ಉಗುರು, ಗೆರೆ, ಬೆಂಕಿಯ ಬಿಸಿ ಇನ್ನೂ ಕಾಣದ ಹೊಸ ಚರ್ಮ ಎಲ್ಲವೂ ಇದ್ದವು. ನಡುವೆ ಕನ್ನಡಿ ಇಟ್ಟ ಹಾಗೆ ಎರಡು ಅರ್ಧ. ಬೆರಳುಗಳೆಲ್ಲ ಒಂದೇ ಕಡೆ ಮಡಿಸುತ್ತಿದ್ದವು, ಎದುರು ನಿಂತು ಒತ್ತುವುದು ಒಂದೂ ಇರಲಿಲ್ಲ. ಸೊಪ್ಪು ಬಾಚಿಕೊಳ್ಳಬಹುದು, ಬಿಂದಿಗೆಯ ಕಂಠ ತಬ್ಬಬಹುದು. ಸೂಜಿ ಹಿಡಿಯಲಾಗದು, ಕುಡುಗೋಲು ಹಿಡಿಯಲಾಗದು.

ಹಂಗಾಮು ಶುರುವಾದ ವಾರ ಅವಳು ಆಲೆಮನೆಗೆ ಹೋದಳು. ಯಜಮಾನ ಬೋರಲಿಂಗೇಗೌಡ ಅವಳಿಗಾಗಿಯೇ ಮೊದಲ ಕೊಪ್ಪರಿಗೆ ಬಿಟ್ಟುಕೊಟ್ಟ. ಪಾಕ ಕೆಂಪಾಯಿತು. ಅವಳು ತಣ್ಣೀರಿಗೆ ಕೈ ಅದ್ದಿ ಒಂದು ತೊಟ್ಟು ತೆಗೆದು ಎರಡು ನಡುಬೆರಳ ನಡುವೆ ಇಟ್ಟು ಉರುಳಿಸಲು ನೋಡಿದಳು. ಅದು ಸಂದಿನಲ್ಲಿ ಜಾರಿ ಅಂಗೈಗೆ ಬಿತ್ತು. ಹೊಸ ಚರ್ಮ ಸುಟ್ಟಿತು. ಇನ್ನೊಂದು ತೊಟ್ಟು ತೆಗೆದಳು. ಅದೂ ಬಿತ್ತು.

‘ಎಂಗೈತಕ್ಕ?’ ಎಂದು ಸೌಟು ಹಿಡಿದವನು ಕೇಳಿದ.

‘ತಡಿ.’

‘ಕಪ್ಪಾಯ್ತಾ ಐತೆ ಕಣಕ್ಕ.’

ಅವಳು ಎಡಗೈಯನ್ನು ಬೋಗುಣಿಗೆ ಇಳಿಸಿದಳು. ಬೋರಲಿಂಗೇಗೌಡ ಬಂದು ಅವಳ ತೋಳು ಹಿಡಿದುಕೊಂಡ.

‘ಅದೊಂದ್ ಬ್ಯಾಡ. ಮೊದಲ ಅಚ್ಚು ದೇವ್ರಿಗೋಯ್ತದೆ. ಎಡಗೈ ಇಕ್ಕಿದ್ ಪಾಕ ಅಂತ ಗೊತ್ತಾದ್ರೆ ಊರೋರು ನನ್ ಬುಡ್ತಾರಾ?’

‘ಒಂದ್ಸಲ ನೋಡ್ತೀನಿ ಕಣಣ್ಣ. ಒಂದೇ ಒಂದ್ಸಲ.’

‘ನೋಡಿ? ಎಡಗೈಗೆ ಏನ್ ಗೊತ್ತು ಹೇಳು?’

ಅವನು ಕೆಟ್ಟವನಲ್ಲ. ಅವನು ಹೇಳಿದ್ದು ನಿಜ ಎಂದು ಅವಳಿಗೂ ಗೊತ್ತಿತ್ತು. ಬಲಗೈ ಗಾಣಕ್ಕೆ ಹೋಗುವವರೆಗೆ ಒಂದು ತುತ್ತು ಅನ್ನವನ್ನೂ ಕಲಸಿರದ ಎಡಗೈ ಅದು. ಅಷ್ಟರಲ್ಲಿ ಪಾಕ ಸುಟ್ಟ ವಾಸನೆ ಬಂತು. ಗಂಡಸರು ಕೊಪ್ಪರಿಗೆ ಇಳಿಸಿದರು, ಆದರೆ ಅವಳು ಹೇಳಿ ಇಳಿಸಿದ್ದಲ್ಲ. ಆ ಬೆಲ್ಲವನ್ನು ದನಕ್ಕೆ ಹಾಕಿದರು. ಬೋರಲಿಂಗೇಗೌಡ ಅವಳಿಗೆ ಒಣಗಿದ ಕಬ್ಬಿನ ಸಿಪ್ಪೆ ಒಟ್ಟುವ ಕೆಲಸ ಕೊಟ್ಟ. ಹದ ನೋಡುತ್ತಿದ್ದವಳು ಸಿಪ್ಪೆ ಬಾಚಿದಳು. ಅದಕ್ಕೆ ಆ ಕೈ ತುಂಬ ಅನುಕೂಲವಾಗಿತ್ತು.

ಮೊಗಣ್ಣ ಆ ಹೊತ್ತಿಗಾಗಲೇ ಮೈಸೂರಿಗೆ ಒಬ್ಬನೇ ಹೋಗಿ ಪ್ರಭಂಜನನ ಕಾಲು ಹಿಡಿದು ಬಂದಿದ್ದ. ಎರಡೂ ಕಡೆ ಬಿಲ್ಲೆ ಹಾಕಿದ್ದು ನಾನೇ ಎಂದು ಅತ್ತಿದ್ದ. ಪ್ರಭಂಜನ ಬೆಚ್ಚಿಬಿದ್ದವನಂತೆ ನಟಿಸಿ, ತಲೆ ಹಿಡಿದುಕೊಂಡು, ಆಮೇಲೆ ದೊಡ್ಡ ಮನಸ್ಸು ಮಾಡಿ ಅವನನ್ನು ಎಬ್ಬಿಸಿದ್ದ. ‘ಆಗಿದ್ದು ಆಯ್ತು ಗೌಡ್ರೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ’ ಎಂದಿದ್ದ. ಅಪ್ಪಟ ಸುಳ್ಳುಗಾರ. ಮೊಗಣ್ಣ ಅಂದಿನಿಂದ ಯಾರ ಮೂಳೆಯನ್ನೂ ಮುಟ್ಟಲಿಲ್ಲ. ಬಂದವರನ್ನು ಜಗುಲಿಯಿಂದಲೇ ವಾಪಸ್ಸು ಕಳಿಸುತ್ತಿದ್ದ. ಮಗಳು ಊಟಕ್ಕೆ ಕೂತಾಗ ಅವಳ ಎಡಗೈ ಬಟ್ಟಲಿಗೆ ಹೋಗುವುದನ್ನು ನೋಡಲಾಗದೆ ಎದ್ದು ಹೋಗುತ್ತಿದ್ದ.

ದಾರಿ ಒಂದಿತ್ತು. ಕೊನೆಯ ಬೆರಳನ್ನು ಬುಡದಲ್ಲಿ ಬಿಡಿಸಿ, ತಿರುಗಿಸಿ, ಉಳಿದವಕ್ಕೆ ಎದುರಾಗಿ ಕೂರಿಸಿದರೆ ಅದೇ ಹೆಬ್ಬೆರಳಾಗುತ್ತದೆ. ಹೆಬ್ಬೆರಳಿಲ್ಲದೆ ಹುಟ್ಟಿದ ಮಕ್ಕಳಿಗೆ ಶಸ್ತ್ರವೈದ್ಯರು ಮಾಡುವ ಕೆಲಸವೇ. ಚೆಲುವಾಜಮ್ಮ ಮೂರು ಆಸ್ಪತ್ರೆ ಸುತ್ತಿದಳು. ಮೂರೂ ಕಡೆಯ ವೈದ್ಯರು ಆ ಕೈ ನೋಡಿ ಕೈ ಹಿಂದಕ್ಕೆಳೆದುಕೊಂಡರು. ಮುಲಾಮು ಹಾಕಿ ಬೆಳೆಸಿದ ಮಾಂಸ, ಕತ್ತರಿ ಇಟ್ಟರೆ ಮತ್ತೆ ಎಲ್ಲಿ ಏನು ಚಿಗುರುತ್ತದೋ, ಬೆಳೆಸಿದವರೇ ಕತ್ತರಿಸಲಿ ಎಂದರು. ಬೆಳೆಸಿದವನು ಪ್ರಭಂಜನ. ಅವನು ಎರಡು ವರ್ಷ ಆ ಕೈಯನ್ನು ಯಾರೂ ಮುಟ್ಟಬಾರದು, ಬೆಳವಣಿಗೆ ನೋಡಬೇಕು ಎಂದಿದ್ದ.

ಆದರೆ ಆ ಕೈಯ ಬಗ್ಗೆ ಅವನು ಬರೆದ ಲೇಖನ ವಿಜ್ಞಾನ ಪತ್ರಿಕೆಗೆ ಹೋದಾಗ ಅದನ್ನು ಪರಿಶೀಲಿಸುವ ಸಮಿತಿ ಒಂದು ಪ್ರಶ್ನೆ ಕೇಳಿತು. ಇದು ಹೇಗಾಯಿತು, ಕೇಂದ್ರಕ್ಕೆ ಯಾವಾಗ ಗೊತ್ತಾಯಿತು? ಅದಾದ ಮೂರನೆಯ ದಿನ ಕೇಂದ್ರದ ಜೀಪು ಕಾಳೇನಕೊಪ್ಪಲಿಗೆ ಬಂತು. ಜೀಪಿನವನು ಒಂದು ಹೇಳಿಕೆ ಪತ್ರವನ್ನೂ ಮಸಿಯ ಡಬ್ಬಿಯನ್ನೂ ಕೊಟ್ಟ. ರೋಗಿಯ ತಂದೆ ಮೊಗಣ್ಣ ಸ್ಪಷ್ಟ ಸೂಚನೆಯನ್ನು ಮೀರಿ, ಕೇಂದ್ರದವರಿಂದ ಮುಚ್ಚಿಟ್ಟು, ತನ್ನ ನಾಟಿ ವೈದ್ಯದ ಹುಂಬತನದಿಂದ ಇದನ್ನು ಮಾಡಿದ. ಬೆರಳು ಮೂಡುವವರೆಗೆ ಕೇಂದ್ರಕ್ಕೆ ಏನೂ ತಿಳಿದಿರಲಿಲ್ಲ. ಪತ್ರದಲ್ಲಿ ಇದ್ದದ್ದು ಇಷ್ಟು. ಮೊಗಣ್ಣ ಹೆಬ್ಬೆಟ್ಟು ಒತ್ತಿದರೆ ಸೋಮವಾರ ಆಪರೇಷನ್ ಎಂದು ಜೀಪಿನವನು ಹೇಳಿಹೋದ. ಗುರುತು ಸ್ಪಷ್ಟವಾಗಿ ಮೂಡಬೇಕು, ಮಾಸಿದ್ದರೆ ಒಪ್ಪುವುದಿಲ್ಲ ಎಂದೂ ಹೇಳಿದ.

ಅದರ ಮರುದಿನ ಮಧ್ಯಾಹ್ನ ಕುಮುದಿನಿ ಬಂದಳು. ಲೇಖನದಲ್ಲಿ ಅವಳ ಹೆಸರನ್ನು ನಾಲ್ಕನೆಯದಾಗಿ ಹಾಕಿದ್ದರು. ಆ ಸಿಟ್ಟಿಗೆ ಬಂದಳೋ, ಮನಸ್ಸು ಚುಚ್ಚಿ ಬಂದಳೋ ಅವಳಿಗೇ ಗೊತ್ತಿರಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಕೂತು, ಒಂಬತ್ತನೆಯ ದಿನದ ಹಸಿರು ಚಿತ್ರ ತೋರಿಸಿ, ಎಲ್ಲ ಹೇಳಿದಳು. ಚೆಲುವಾಜಮ್ಮ ನಡುವೆ ಬಾಯಿ ಹಾಕದೆ ಕೇಳಿದಳು.

‘ಅವತ್ತು ನೀವು ಬಂದು ಹೇಳಿದ್ರೆ ಹೆಬ್ಬೆಟ್ಟು ಬತ್ತಿತ್ತಾ?’

‘ಬರ್ತಿತ್ತು.’

‘ನಾವು ಗೇಟ್ ತಾವ್ಲೇ ಇದ್ದೋ ಅಲ್ವಾ?’

‘ಇದ್ರಿ. ನಾನು ಕಿಟಕಿಯಿಂದ ನೋಡ್ತಾ ಇದ್ದೆ.’

ಚೆಲುವಾಜಮ್ಮ ಎದ್ದು ನಿಂತಳು. ಹೊಡೆಯುತ್ತಾಳೆ ಎಂದು ಕುಮುದಿನಿ ಕಣ್ಣು ಮುಚ್ಚಿಕೊಂಡಳು. ಹೊಡೆಯಲಿಲ್ಲ.

‘ನಮ್ಮಪ್ಪ ಅನ್ನ ಬುಟ್ಟವ್ನೆ. ಕೆಲ್ಸ ಬುಟ್ಟವ್ನೆ. ಕಟ್ಟು ಕಟ್ಟಿ ಕಟ್ಟಿ ಕೈ ಪಾಪಿ ಆಗೋಯ್ತು ಅಂತ ಗೋಡೆಗೆ ಕೈ ಚಚ್ಕತಾನೆ. ನೀವು ಆಗಿಂದ ಎಲ್ಲೋಗಿದ್ರಿ ಮೇಡಮ್ಮೋರೆ?’

‘ತಪ್ಪಾಯ್ತು. ಈಗ ನೀವು ದೂರು ಕೊಡಿ. ಈ ಚಿತ್ರದ ಮೇಲೆ ದಿನ, ತೆರೆದ ಹೊತ್ತು ಎಲ್ಲಾ ಇದೆ. ನಾನು ಕೋರ್ಟಿಗೆ ಬಂದು ಹೇಳ್ತೀನಿ. ನಿಮ್ಮಪ್ಪನದು ತಪ್ಪಲ್ಲ ಅಂತ ಎಲ್ಲರಿಗೂ ಗೊತ್ತಾಗುತ್ತೆ.’

‘ಎಷ್ಟು ದಿಸ ಹಿಡಿತದೆ?’

‘ಮೂರು ವರ್ಷ… ನಾಲ್ಕೂ ಆಗಬಹುದು.’

‘ಅಲ್ಲೀಗಂಟ ಆಪರೇಸನ್ನು?’

‘ಮಾಡೋ ಹಾಗಿಲ್ಲ. ಆ ಕೈಯೇ ಸಾಕ್ಷಿ.’

‘ಈ ಪತ್ರಕ್ಕೆ ಒತ್ತಿಸಿದ್ರೆ?’

‘ಸೋಮವಾರ ಮಾಡ್ತಾರೆ. ಅದರಲ್ಲಿ ಮೋಸ ಮಾಡಲ್ಲ. ಆದರೆ ಆರೋಗ್ಯ ಇಲಾಖೆಯವರು ನಿಮ್ಮಪ್ಪನ ಮೇಲೆ ಕೇಸ್ ಹಾಕ್ತಾರೆ. ಅವರು ಇನ್ನು ಯಾರಿಗೂ ಕಟ್ಟು ಕಟ್ಟೋ ಹಾಗಿಲ್ಲ. ಹೆಸರು ಎಲ್ಲಾ ಕಡೆ ಬರುತ್ತೆ. ಚೆಲುವಾಜಮ್ಮ, ಅವರು ಈಗಲೇ ಅರ್ಧ ಆಗಿದ್ದಾರೆ. ನಿಜ ಒಂದು ಮಾತು ಹೇಳಿದ್ರೆ ಬದುಕ್ಕೋತಾರೆ.’

ಆಲೆಮನೆಯ ಕಡೆಯಿಂದ ಸುಟ್ಟ ಪಾಕದ ವಾಸನೆ ಬರುತ್ತಿತ್ತು. ಅವಳ ಜಾಗಕ್ಕೆ ಬಂದವನಿಗೆ ಹದ ಗೊತ್ತಿರಲಿಲ್ಲ. ದಿನಕ್ಕೊಂದು ಕೊಪ್ಪರಿಗೆ ಕೆಡಿಸುತ್ತಿದ್ದ. ಚೆಲುವಾಜಮ್ಮ ಮೂಗರಳಿಸಿ ಆ ಕಡೆಗೆ ತಿರುಗಿದಳು. ಎರಡು ಕುದಿ ಮೊದಲೇ ಇಳಿಸಬೇಕಿತ್ತು ಎಂದು ಅವಳಿಗೆ ಇಷ್ಟು ದೂರದಿಂದಲೇ ಗೊತ್ತಾಗುತ್ತಿತ್ತು.

‘ನಿಮ್ಮ ಪಟ ನೀವೇ ಮಡೀಕಳಿ’ ಎಂದಳು. ‘ಬಸ್ಸು ಮೂರೂವರೆಗೈತೆ.’

‘ಚೆಲುವಾಜಮ್ಮ…’

‘ಎದ್ದೋಗಿ ಮೇಡಮ್ಮೋರೆ. ನಮ್ಮಪ್ಪನ ಎದುರ್ಗೆ ಒಂದ್ ಮಾತಾಡುದ್ರೆ ಚೆನ್ನಾಗಿರಕ್ಕಿಲ್ಲ.’

ಕುಮುದಿನಿ ಹೋದ ಮೇಲೆ ಅವಳು ಪತ್ರವನ್ನೂ ಮಸಿಯ ಡಬ್ಬಿಯನ್ನೂ ತೆಗೆದುಕೊಂಡು ನಡುಮನೆಗೆ ಬಂದಳು. ಮೊಗಣ್ಣ ಗೋಡೆಗೆ ಒರಗಿ ಕೂತಿದ್ದ.

‘ಏನಂತೆ ಆ ಮೇಡಮ್ಮು?’

‘ಏನಿಲ್ಲ. ಬೆರಳು ಎಂಗವೆ ಅಂತ ನೋಡ್ಕಂಡು ಹೋಗಕ್ ಬಂದಿತ್ತು.’

‘ಒಳ್ಳೇ ಮಗ. ನಾನೇ ಅದರ ಮಾತು ಕೇಳ್ನಿಲ್ಲ.’ ಅವನು ಪತ್ರದ ಕಡೆ ನೋಡಿದ. ‘ಎಲ್ಲಾ ನನ್ದೇ ತೆಪ್ಪು ಅಂತ ಸರ್ಯಾಗ್ ಬರ್ದವ್ರಾ?’

‘ಬರ್ದವ್ರೆ.’

‘ಡಾಕ್ಟ್ರು ಮ್ಯಾಕೆ ಏನೂ ಬರಬಾರ್ದು ಕಣವ್ವ. ನಾನು ಮಾಡಿದ್ದು ಗೊತ್ತಾದ್ರೂ ಒಂದ್ ಮಾತು ಬೈಲಿಲ್ಲ. ದೇವ್ರಂತೋರು.’

‘ಬರಕ್ಕಿಲ್ಲ ಬುಡು.’

‘ಒತ್ತುದ್ರೆ ನಿನ್ ಹೆಬ್ಬೆಟ್ಟು ಬತ್ತದೆ ತಾನೆ?’

‘ಬತ್ತದೆ.’

‘ಹಂಗಾರೆ ಎಲ್ಲಿ ಒತ್ಲಿ? ತೋರ್ಸು.’

ಅವಳು ತೋರಿಸಿದಳು. ಅವನ ಹೆಬ್ಬೆರಳು ಮಸಿಯ ಡಬ್ಬಿಯ ಅಂಚಿಗೆ ತಾಗಿ ತಾಗಿ ಜಾರಿತು. ಚೆಲುವಾಜಮ್ಮ ಎಡಗೈಯಲ್ಲಿ ಪತ್ರವನ್ನು ಒತ್ತಿ ಹಿಡಿದು, ಬಲಗೈಯ ಆರು ಬೆರಳುಗಳನ್ನು ಅವನ ಹೆಬ್ಬೆರಳ ಸುತ್ತ ಮಡಿಸಿದಳು. ಮಸಿಗೆ ಅದ್ದಿ ಕಾಗದದ ಮೇಲೆ ಇಟ್ಟು ಮೈಭಾರವೆಲ್ಲ ಹಾಕಿ ಒತ್ತಿದಳು.

ಎತ್ತಿ ನೋಡಿದಳು. ಗುರುತು ಒಂದು ಕಡೆ ಮಾಸಿತ್ತು.

ಮತ್ತೆ ಮಸಿಗೆ ಅದ್ದಿ, ಇನ್ನೊಂದು ಸಲ ಒತ್ತಿದಳು.